ಹತ್ತು ಗಂಟೆಗೆ ಮುಂಚೆ

ರೈಲು ಹೊರಡುವವರೆಗೆ ಯೋಗಾನಂದ ಅವಸರದಲ್ಲಿರುವವನಂತೆಯೇ ನಡೆಯುತ್ತಿದ್ದ. ರಾಮನಗರದ ಪ್ಲಾಟ್‌ಫಾರಮ್ಮಿನಲ್ಲಿ ಇಳಿದು, ಊಟದ ಡಬ್ಬಿಯಿದ್ದ ಚೀಲವನ್ನು ಹೆಗಲಿಗೇರಿಸಿ, ಗಡಿಯಾರವನ್ನೊಮ್ಮೆ ನೋಡಿಕೊಂಡು, ಯಾರೋ ತನಗಾಗಿ ಕಾಯುತ್ತಿದ್ದಾರೆ ಅನ್ನುವ ಹಾಗೆ ಬಿರಬಿರನೆ ಗೇಟಿನ ಕಡೆ ಹೋಗುವುದು. ಬಿಡದಿಯ ಕಾರ್ಖಾನೆಗಳಿಗೆ ಹೋಗುವ, ಕುತ್ತಿಗೆಗೆ ಗುರುತಿನ ಚೀಟಿ ನೇತುಹಾಕಿಕೊಂಡ ಹುಡುಗರು, ಬೆಂಗಳೂರಿನ ಆಫೀಸುಗಳಿಗೆ ಹೋಗುವ ಚನ್ನಪಟ್ಟಣದ ಪರಿಚಯಸ್ಥರು ಎಲ್ಲರೂ ಕಿಟಕಿಗಳಲ್ಲಿರುತ್ತಿದ್ದರು. ಅವರಲ್ಲಿ ಒಬ್ಬನಾದರೂ ನೋಡಿ, ಯಾವತ್ತೋ ಒಂದು ದಿನ ಸಂತೆಯಲ್ಲಿ ಸಿಕ್ಕಿ, ಏನ್ರೀ ನಿಮ್ಮ ಯಜಮಾನ್ರು ರೈಲಿಳಿದು ಆಟವಾಡ್ಕಂಡು ಹೋಗ್ತಾರಲ್ಲ ಎಂದು ಹೊಂಬಾಳಮ್ಮನಿಗೆ ಅಂದುಬಿಟ್ಟರೆ? ರೈಲಿನ ಕೊನೆಯ ಡಬ್ಬಿ ಕಣ್ಣು ದಾಟಿದ ಮೇಲೆ ಅವನ ಹೆಜ್ಜೆ ತಾನಾಗಿಯೇ ಸಣ್ಣದಾಗುತ್ತಿತ್ತು. ಕಚೇರಿಗೆ ಹೋಗುವ ದಾರಿ ಎಡಕ್ಕಿತ್ತು. ಅವನು ಬಲಕ್ಕೆ ತಿರುಗಿ ನಗರಸಭೆಯ ಪಾರ್ಕಿನ ತುಕ್ಕು ಹಿಡಿದ ಗೇಟನ್ನು ಸದ್ದಾಗದ ಹಾಗೆ ಸರಿಸಿ ಒಳಗೆ ಹೋಗುವಾಗ ಎಂಟೂಕಾಲು ಆಗಿರುತ್ತಿತ್ತು. ಕಚೇರಿಯ ಬಾಗಿಲು ತೆರೆಯುತ್ತಿದ್ದದ್ದು ಹತ್ತಕ್ಕೆ. ಎರಡು ವರ್ಷದಿಂದ ಹೀಗೇ ನಡೆದಿತ್ತು.

ಮೊದಲ ಐದು ವಾರ ಅದು ನಿಜವೇ ಆಗಿತ್ತು. ಹಾರೋಹಳ್ಳಿ ಕಡೆಯ, ಬಿಡದಿ ಕಡೆಯ ಜಮೀನುಗಳು ಆಗ ಒಂದರ ಹಿಂದೊಂದು ಕಾರ್ಖಾನೆಗಳ ಪಾಲಾಗುತ್ತಿದ್ದವು. ಹೊಲವನ್ನು ಇನ್ನು ಮೇಲೆ ಹೊಲವಲ್ಲ ಎಂದು ಬರೆಸಿಕೊಳ್ಳುವ ಅರ್ಜಿಗಳು ಯೋಗಾನಂದನ ಮೇಜಿನ ಮೇಲೆ ಅವನ ಎದೆಯ ಮಟ್ಟ ಬೆಳೆದಿದ್ದವು. ಹೊಸದಾಗಿ ಬಂದ ಸಾಹೇಬರು ಎಲ್ಲ ಗುಮಾಸ್ತರೂ ಎಂಟೂವರೆಗೇ ಕುರ್ಚಿಯಲ್ಲಿರಬೇಕೆಂದು ಆರ್ಡರು ಹಾಕಿದರು. ಒಂಬತ್ತೂಕಾಲಿನ ಬಸ್ಸಿನಲ್ಲಿ ಹೋಗುತ್ತಿದ್ದ ಅವನು ಏಳೂ ಐವತ್ತರ ಪ್ಯಾಸೆಂಜರಿಗೆ ಪಾಸು ಮಾಡಿಸಿಕೊಂಡ. ಆರನೆಯ ವಾರ ಸಾಹೇಬರಿಗೆ ವರ್ಗವಾಯಿತು. ಆರ್ಡರು ಯಾರೂ ರದ್ದು ಮಾಡದೆಯೇ ಮರೆತುಹೋಯಿತು. ಆ ಸಂಜೆ ಅದನ್ನು ಹೇಳಬೇಕೆಂದೇ ಅವನು ಮನೆಗೆ ಬಂದಿದ್ದ. ಬಚ್ಚಲಿನಿಂದ ನೀರಿನ ಸದ್ದು ಬರುತ್ತಿತ್ತು, ಜೊತೆಗೆ ತಾಯಿಯ ಆ ದನಿ, ಮಾತೂ ಅಲ್ಲದ ಅಳುವೂ ಅಲ್ಲದ ದನಿ. ಅವನು ಚಪ್ಪಲಿ ಬಿಚ್ಚದೆ ನಡುಮನೆಯ ಹೊಸ್ತಿಲಲ್ಲಿ ನಿಂತ. ಸ್ವಲ್ಪ ಹೊತ್ತಿಗೆ ಹೊಂಬಾಳಮ್ಮ ಅತ್ತೆಯನ್ನು ತೋಳಲ್ಲಿ ಆತುಕೊಂಡು ಬಂದಳು. ಅವಳ ಸೀರೆ ಮೊಣಕಾಲಿನವರೆಗೆ ಒದ್ದೆಯಾಗಿತ್ತು. ಮುದುಕಿಯನ್ನು ಮಂಚದ ಮೇಲೆ ಕೂರಿಸಿ ಬೆನ್ನು ನೆಟ್ಟಗೆ ಮಾಡಿಕೊಳ್ಳುತ್ತ, “ನಾಳೇನೂ ಏಳೂವರೆಗೇ ಬುಡಬೇಕಾ?” ಎಂದು ಕೇಳಿದಳು. ಅವನು “ಹೂಂ” ಅಂದ. ಅಷ್ಟೇ. ಆಮೇಲೆ ಎಷ್ಟೋ ದಿನ ಪಾರ್ಕಿನಲ್ಲಿ ಕೂತು ಅವನು ಆ ಒಂದು ಹೂಂಕಾರವನ್ನು ತಿರುಗಿಸಿ ಮುರುಗಿಸಿ ನೋಡಿದ್ದ. ತಾನು ಸುಳ್ಳು ಹೇಳಲಿಲ್ಲ, ಕೇಳಿದ್ದಕ್ಕೆ ಹೂಂ ಅಂದೆ ಅಂದುಕೊಳ್ಳುತ್ತಿದ್ದ. ಹಾಗೆ ಅಂದುಕೊಂಡ ಮರುಗಳಿಗೆಯಲ್ಲಿ, ಇಂಥ ಮಾತನ್ನು ಕಚೇರಿಯ ಕಡತದಲ್ಲಿ ತಾನೇ ಎಷ್ಟು ಸಲ ಬರೆದಿಲ್ಲ ಎಂದು ನಾಚಿಕೆಯಾಗುತ್ತಿತ್ತು.

ಆದರೆ ಪಾರ್ಕು ಚೆನ್ನಾಗಿತ್ತು. ಅದನ್ನು ಅವನು ಅಲ್ಲಗಳೆಯುವ ಹಾಗಿರಲಿಲ್ಲ. ಹೇಳಿಕೊಳ್ಳುವಂಥದ್ದೇನೂ ಅಲ್ಲ, ನಾಲ್ಕು ಹೊಂಗೆ ಮರ, ಒಂದು ದೊಡ್ಡ ಮಳೆಮರ, ನೀರಿಲ್ಲದ ಕಾರಂಜಿ, ಸತ್ತವರ ಹೆಸರು ಕೆತ್ತಿಸಿ ಮಕ್ಕಳು ಕೊಡಿಸಿದ ಆರು ಕಲ್ಲುಬೆಂಚು. ಹೆದ್ದಾರಿಯಲ್ಲಿ ರಸ್ತೆ ಅಗಲ ಮಾಡುವವರ ಯಂತ್ರಗಳು ಗುಡುಗುತ್ತಿದ್ದವು, ಸಾಲುಮರಗಳನ್ನು ಉರುಳಿಸುತ್ತಿದ್ದರು. ಆ ಸದ್ದು ಊರನ್ನು ದಾಟಿ ಇಲ್ಲಿಗೆ ಬರುವಷ್ಟರಲ್ಲಿ ಎಲ್ಲೋ ಯಾರೋ ಬೀಸುಕಲ್ಲು ತಿರುವುತ್ತಿರುವಷ್ಟು ಮೆತ್ತಗಾಗಿರುತ್ತಿತ್ತು. ಬಿಸಿಲು ಮೊದಲು ದೂರದ ಬೆಟ್ಟದ ಬೋಳು ಬಂಡೆಗಳ ಮೇಲೆ ಬಿದ್ದು, ಅವು ಕೆಂಪಗಾಗಿ, ಆಮೇಲೆ ಮನೆಗಳ ತಾರಸಿಗೆ ಇಳಿದು, ಎಂಟೂವರೆಯ ಹೊತ್ತಿಗೆ ಮೂರನೆಯ ಬೆಂಚಿನ ಬಲತುದಿಗೆ ಬರುತ್ತಿತ್ತು. ಅವನು ಅಲ್ಲಿ ಕೂತಿರುತ್ತಿದ್ದ. ಮೊದಲು ಮೊಣಕಾಲು ಬೆಚ್ಚಗಾಗುವುದು, ಆಮೇಲೆ ಕೈ. ಮಾಲಿ ಚಿಕ್ಕಹನುಮಯ್ಯ ಪೈಪು ಎಳೆದುಕೊಂಡು ನೀರು ಬಿಡುತ್ತ ಬಂದು, ಇವನ ಕಾಲ ಹತ್ತಿರ ಬಂದಾಗ ಪೈಪಿನ ಬಾಯನ್ನು ಬೆರಳಿನಿಂದ ಒತ್ತಿ ನೀರನ್ನು ಆಚೆಗೆ ಹಾರಿಸುತ್ತಿದ್ದ. “ಕೂತ್ಕಳಿ ಕೂತ್ಕಳಿ ಸಾ, ಕಾಲೆತ್ತಬ್ಯಾಡಿ.” ತನಗೋಸ್ಕರ ಲೋಕದಲ್ಲಿ ಒಬ್ಬರು ಇಷ್ಟು ಮಾಡುತ್ತಾರೆಂಬುದು ಯೋಗಾನಂದನಿಗೆ ದಿನವೂ ಹೊಸದಾಗಿ ಹಿತವಾಗುತ್ತಿತ್ತು. ಒಂದು ಸಲ ಮಾತ್ರ, ಬಿಳಿ ಬೂಟು ಹಾಕಿಕೊಂಡು ಸುತ್ತು ಹೊಡೆಯುತ್ತಿದ್ದ ನಿವೃತ್ತ ಹೆಡ್‌ಮಾಸ್ಟರೊಬ್ಬರು ನಿಂತು, ದನಿ ತಗ್ಗಿಸಿ, “ಕೆಲಸ ಹೋಯ್ತೇನ್ರೀ? ಮನೇಲಿ ಹೇಳಿಬಿಡಿ. ಹೆಂಗಸರು ನಾವಂದುಕೊಂಡದ್ದಕ್ಕಿಂತ ಗಟ್ಟಿ” ಅಂದಿದ್ದರು. ಅವನು ಇಲ್ಲ ಎಂದು ಹೇಳುವ ಬದಲು ಯಾಕೋ ತಲೆಯಾಡಿಸಿಬಿಟ್ಟಿದ್ದ. ಅಂದಿನಿಂದ ಅವರು ಎದುರಾದಾಗಲೆಲ್ಲ ಮರುಕದಿಂದ ನಗುತ್ತಿದ್ದರು. ಆ ಮರುಕವೂ ಅವನಿಗೆ ಅಭ್ಯಾಸವಾಗಿತ್ತು.

ಅಲ್ಲಿ ಅವನು ಏನೂ ಮಾಡುತ್ತಿರಲಿಲ್ಲ. ಪೇಪರು ಓದುತ್ತಿರಲಿಲ್ಲ. ಸ್ಟೇಷನ್ನಿನ ಹೊರಗೆ ಕೊಂಡ ಹುರಿದ ಕಡ್ಲೆಕಾಯಿಯನ್ನು ಒಂದೊಂದೇ ಸುಲಿದು ತಿಂದು, ಸಿಪ್ಪೆಯನ್ನು ನೆಲಕ್ಕೆ ಹಾಕಲು ಮನಸ್ಸಾಗದೆ ಜೇಬಿಗೆ ಹಾಕಿಕೊಳ್ಳುತ್ತಿದ್ದ. ಮಳೆಮರದ ಕೆಳಗೆ ಎರಡು ಗೊರವಂಕಗಳು ಯಜಮಾನರ ಹಾಗೆ ನಡೆದಾಡುತ್ತಿದ್ದವು. ಅವುಗಳನ್ನು ನೋಡುತ್ತ ನೋಡುತ್ತ, ಅವನಿಗೆ ಗೊತ್ತಾಗದ ಹಾಗೆಯೇ, ಮುಂಜಾನೆಯ ನಡುಮನೆ ಕಣ್ಣಿಗೆ ಬರುತ್ತಿತ್ತು. ಕಿಟಕಿಯ ಪಕ್ಕದ ಮಂಚ. ಅವನು ಚೀಲ ಹೆಗಲಿಗೆ ಹಾಕಿಕೊಂಡು ಆ ಮಂಚವನ್ನು ದಾಟಲೇಬೇಕು. ದಾಟುವಾಗ ತಾಯಿ ದೊಡ್ಡಲಕ್ಷ್ಮಮ್ಮ ಆಡುವ ಎಡಗೈಯನ್ನು ಎತ್ತಿ ಏನೋ ಅನ್ನುತ್ತಾಳೆ. ಓ ಓ ಎಂದು ಶುರುವಾಗಿ ಗಂಟಲಲ್ಲೇ ಮುಗಿಯುವ ಒಂದು ಸದ್ದು. ಮೂರು ವರ್ಷದ ಹಿಂದೆ ಬಲಭಾಗ ಬಿದ್ದುಹೋದಾಗಿನಿಂದ ಅವಳ ಮಾತು ಅವನಿಗೆ ಒಂದೂ ತಿಳಿಯುತ್ತಿರಲಿಲ್ಲ. ಹೊಂಬಾಳಮ್ಮ ಅಡುಗೆಮನೆಯಿಂದಲೇ, “ಒಸಿ ಕೂತ್ಕ ಅಂತಾವ್ರೆ” ಎಂದು ಕೂಗುತ್ತಾಳೆ. ಅವನು ಗಡಿಯಾರ ನೋಡಿಕೊಂಡು, ತಾಯಿಯ ಮುಖವನ್ನಲ್ಲ, ಅವಳ ತಲೆದಿಂಬನ್ನು ನೋಡುತ್ತ, “ಹೊತ್ತಾಯ್ತು ಕಣವ್ವ” ಅನ್ನುತ್ತಾನೆ. ಒಂದು ಪಕ್ಕಕ್ಕೆ ಎಳೆದುಕೊಂಡ ಆ ಬಾಯಿ! ಎಂಥ ಬಾಯಿ ಅದು. ಕೇರಿಯ ಆ ತುದಿಯಲ್ಲಿ ಅವನು ಗೋಲಿ ಆಡುತ್ತಿದ್ದರೆ ಈ ತುದಿಯಿಂದ ಒಂದೇ ಕೂಗಿಗೆ ಮನೆಗೆ ಎಳೆದುಕೊಳ್ಳುತ್ತಿತ್ತು. ಅವನ ಮದುವೆಯಲ್ಲಿ ಬೀಗರ ಮನೆಯವರು ಊಟದ ಪಂಕ್ತಿಯಲ್ಲಿ ಏನೋ ಕೊಂಕು ತೆಗೆದಾಗ ಇಡೀ ಚಪ್ಪರ ನಗುವ ಹಾಗೆ ಅವರಿಗೆ ಉತ್ತರ ಕೊಟ್ಟಿತ್ತು. ಸಿಟ್ಟಿನಿಂದ ಅಲ್ಲ, ಅಸಹ್ಯದಿಂದಲೂ ಅಲ್ಲ, ಅದನ್ನು ನೋಡಿದರೆ ತನ್ನೊಳಗೆ ಏನೋ ಕುಸಿದೀತು ಎಂಬ ಭಯಕ್ಕೆ ಅವನು ಕಣ್ಣು ತಪ್ಪಿಸುತ್ತಿದ್ದ. ಭಯಪಡುವವನಿಗೆ ಪಾರ್ಕು ಇತ್ತು. ಹೊಂಬಾಳಮ್ಮನಿಗೆ ಭಯವಾದರೆ ಎಲ್ಲಿಗೆ ಹೋಗುತ್ತಾಳೆ ಎಂದು ಅವನು ಯೋಚಿಸಿರಲಿಲ್ಲ. ಯೋಚನೆ ಆ ಕಡೆ ಹೊರಟಾಗ ಕಡ್ಲೆಕಾಯಿ ಇನ್ನೊಂದು ಸುಲಿಯುತ್ತಿದ್ದ.

ಅವತ್ತು ಮಾಘಮಾಸದ ಒಂದು ಮಂಗಳವಾರ. ಬಿಸಿಲು ಎಷ್ಟು ತಿಳಿಯಾಗಿತ್ತೆಂದರೆ ಬೆಟ್ಟದ ಮೇಲಿನ ಬಂಡೆಗಳ ಸಂದಿನಲ್ಲಿ ಬೆಳೆದ ಪೊದೆಗಳನ್ನು ಒಂದೊಂದಾಗಿ ಎಣಿಸಬಹುದಿತ್ತು. ಒಂಬತ್ತರ ಸುಮಾರಿಗೆ ಕರವಸ್ತ್ರಕ್ಕೆಂದು ಪ್ಯಾಂಟಿನ ಜೇಬಿಗೆ ಕೈಹಾಕಿದವನಿಗೆ ಕಚೇರಿಯ ಬೀರುವಿನ ಬೀಗದ ಕೈ ಸಿಕ್ಕಲಿಲ್ಲ. ಚೀಲದಲ್ಲೂ ಇರಲಿಲ್ಲ. ಮನೆಯಲ್ಲಿ ದೇವರ ಗೂಡಿನ ಪಕ್ಕದ ಮೊಳೆಗೆ ನೇತುಹಾಕಿದ್ದು ಹಾಗೇ ಉಳಿದಿತ್ತು. ಅವತ್ತು ಹನ್ನೊಂದಕ್ಕೆ ಸಾಹೇಬರ ಮುಂದೆ ಇಡಬೇಕಾದ ಹದಿನೇಳು ಕಡತ ಆ ಬೀರುವಿನಲ್ಲಿದ್ದವು. ಈಗಲೇ ಬಸ್ಸು ಹತ್ತಿ ಚನ್ನಪಟ್ಟಣಕ್ಕೆ ಹೋಗಿ ತರಬಹುದು, ಹತ್ತೂಕಾಲಿಗೆ ವಾಪಸು ಬರಬಹುದು. ಎದ್ದು ಗೇಟಿನವರೆಗೆ ಹೋದ. ಆದರೆ ಎಂಟೂವರೆಗೆ ಕುರ್ಚಿಯಲ್ಲಿ ಕೂತಿರಬೇಕಾದ ಗುಮಾಸ್ತ ಒಂಬತ್ತೂವರೆಗೆ ಮನೆಯಲ್ಲಿ ಹೇಗೆ ಪ್ರತ್ಯಕ್ಷನಾಗುತ್ತಾನೆ? ಮತ್ತೆ ವಾಪಸು ಬಂದು, ಕಚೇರಿಯಲ್ಲಿ ಏನು ಹೇಳುವುದೆಂದು ಯೋಚಿಸತೊಡಗಿದ. ಬೀಗ ಕೆಟ್ಟಿದೆ ಅನ್ನಬಹುದು. ರೈಲಿನಲ್ಲಿ ಜೇಬುಗಳ್ಳರ ಕಾಟ ಅನ್ನಬಹುದು. ಮನೆಗೆ ಹೇಳಿದ ಒಂದು ಸುಳ್ಳನ್ನು ಕಾಪಾಡಲು ಕಚೇರಿಗೆ ಇನ್ನೊಂದನ್ನು ಹೊಂದಿಸುತ್ತ ಅವನು ಬೆಂಚಿಗೂ ಮಳೆಮರಕ್ಕೂ ನಡುವೆ ಶತಪಥ ತಿರುಗುತ್ತಿದ್ದ.

ಆಗ ಗೇಟಿನಲ್ಲಿ ಒಬ್ಬ ಹೆಂಗಸು ಬಂದಳು. ಗಿಳಿಹಸಿರು ಸೀರೆ, ಕೈಯಲ್ಲಿ ಬಟ್ಟೆಯ ಚೀಲ. ಆ ಹೊತ್ತಿನಲ್ಲಿ ಹೆಂಗಸರು ಒಬ್ಬೊಬ್ಬರೇ ಪಾರ್ಕಿಗೆ ಬರುವುದು ಅಪರೂಪವಾದ್ದರಿಂದ ಅವನು ನೋಡಿದ. ಒಳಗೆ ಬರಬಹುದೋ ಬಾರದೋ ಎಂಬಂತೆ ಗೇಟು ಹಿಡಿದು ನಿಂತಳು. ಬಿಸಿಲು ಅವಳ ಬೆನ್ನ ಹಿಂದಿತ್ತು, ಮುಖ ಕಾಣುತ್ತಿರಲಿಲ್ಲ. ಯಾರೋ ಪಾಪ, ದಣಿದಿದ್ದಾಳೆ ಅಂದುಕೊಂಡ. ನಿಂತ ರೀತಿ ಚೆನ್ನಾಗಿದೆ ಅಂತಲೂ ಅಂದುಕೊಂಡ. ಅವಳು ಚಿಕ್ಕಹನುಮಯ್ಯನನ್ನು ಏನೋ ಕೇಳಿ, ಅವನು ಹಿಡಿದ ಪೈಪಿಗೆ ಬೊಗಸೆಯೊಡ್ಡಿ ನೀರು ಕುಡಿದು, ಒದ್ದೆ ಕೈಯನ್ನು ಕುತ್ತಿಗೆಗೆ ಒರೆಸಿಕೊಂಡಳು. ಹಾಗೆ ಒರೆಸಿಕೊಂಡದ್ದರಲ್ಲಿ ಅವನಿಗೆ ಗೊತ್ತಾಯಿತು. ಇಪ್ಪತ್ತೊಂದು ವರ್ಷ ಜೊತೆಯಲ್ಲಿ ಬಾಳಿದ ಹೆಂಡತಿಯನ್ನು ಅರ್ಧ ನಿಮಿಷ ಬೇರೆ ಯಾರೋ ಎಂದು ನೋಡಿದ್ದ. ಅವನು ಮಳೆಮರದ ಹಿಂದಕ್ಕೆ ಸರಿದು ನಿಂತ.

ಹೊಂಬಾಳಮ್ಮ ಬಂದು ಕೂತದ್ದು ಮೂರನೆಯ ಬೆಂಚಿನ ಮೇಲೇ. ಅದಕ್ಕೆ ಅರ್ಥವೇನೂ ಇರಲಿಲ್ಲ, ಬಿಸಿಲು ಅಲ್ಲಿತ್ತು. ಮೊದಲು ತುದಿಯಲ್ಲಿ, ಯಾರದೋ ಮನೆಗೆ ಬಂದವಳ ಹಾಗೆ ಕೂತಳು. ಆಮೇಲೆ ಹಿಂದಕ್ಕೆ ಸರಿದಳು. ಚಪ್ಪಲಿ ಬಿಟ್ಟು, ಒಡೆದ ಹಿಮ್ಮಡಿಯನ್ನು ಒಂದರಮೇಲೊಂದು ತಿಕ್ಕಿ, ಪಾದಗಳನ್ನು ಹುಲ್ಲಿನ ಮೇಲೆ ಇಟ್ಟಳು. ಹುಲ್ಲು ತಣ್ಣಗಿದ್ದಿರಬೇಕು, ಬೆರಳು ಮಡಚಿಕೊಂಡವು, ಮತ್ತೆ ಬಿಚ್ಚಿಕೊಂಡವು. ಗೊರವಂಕಗಳು ಯಾವುದೋ ಹುಳಕ್ಕೆ ಜಗಳ ತೆಗೆದವು. ಅವಳು ಅವುಗಳನ್ನು ನೋಡಿ ನಕ್ಕಳು. ಬಾಯಿ ಮುಚ್ಚಿಕೊಳ್ಳದೆ, ಯಾರಿಗೂ ಕಾಣಿಸಲೆಂದಲ್ಲದೆ ನಕ್ಕಳು. ಆಮೇಲೆ ಬೆನ್ನನ್ನು ಬೆಂಚಿಗೆ ಪೂರ್ತಿ ಆನಿಸಿ, ಮುಖವನ್ನು ಬಿಸಿಲಿಗೆ ಎತ್ತಿ ಕಣ್ಣು ಮುಚ್ಚಿದಳು. ಬೆನ್ನು ಆನಿಸಿ ಕೂತ ಹೊಂಬಾಳಮ್ಮನನ್ನು ತಾನು ಕೊನೆಯ ಸಲ ನೋಡಿದ್ದು ಯಾವಾಗ ಎಂದು ಯೋಗಾನಂದ ನೆನಪಿಸಿಕೊಳ್ಳಲು ನೋಡಿದ. ಮಗಳು ನವ್ಯಶ್ರೀಯನ್ನು ಮಂಡ್ಯದ ಹಾಸ್ಟೆಲಿಗೆ ಬಿಟ್ಟು ಬರುವಾಗ ಬಸ್ಸಿನಲ್ಲಿ? ಇಲ್ಲ, ಅವತ್ತು ಸೀಟು ಸಿಕ್ಕಿರಲಿಲ್ಲ. ಮನೆಯಲ್ಲಿ ಅವಳು ಕೂತರೆ ಮುಂದಕ್ಕೆ ಬಾಗಿ ಕೂರುತ್ತಾಳೆ, ಸೊಪ್ಪು ಬಿಡಿಸುತ್ತ, ಅತ್ತೆಯ ಕಾಲು ಒತ್ತುತ್ತ, ಯಾವ ಗಳಿಗೆಯಲ್ಲಾದರೂ ಏಳಬೇಕಾದವಳ ಹಾಗೆ. ಕಣ್ಣು ಮುಚ್ಚಿದ ಆ ಮುಖದಲ್ಲಿ ಅವನು ಮದುವೆಗೆ ಮುಂಚೆ ಮರಳವಾಡಿಯ ಅವಳ ಮನೆಯಲ್ಲಿ ನೋಡಿದ್ದ ಹುಡುಗಿಯೂ ಇದ್ದಳು, ಅವನು ಇನ್ನೂ ನೋಡಿರದ ಒಬ್ಬ ಮುದುಕಿಯೂ ಇದ್ದಳು. ಅವಳು ಇಲ್ಲಿಗೆ ಹೇಗೆ ಬಂದಳು, ಎಷ್ಟು ಗೊತ್ತಾಯಿತು ಎಂಬ ಹೆದರಿಕೆ ಎಲ್ಲೋ ಪಕ್ಕಕ್ಕೆ ನಿಂತುಕೊಂಡಿತು. ಹತ್ತು ಗಂಟೆಯವರೆಗೂ ಹೀಗೇ ಈ ಮರದ ಹಿಂದೆ ನಿಂತಿದ್ದು, ಯಾರೂ ಅವಳನ್ನು ಎಬ್ಬಿಸದ ಹಾಗೆ ಕಾವಲು ಕಾಯಬೇಕು ಅನ್ನಿಸಿತು ಅವನಿಗೆ.

“ಇದೇನ್ ಸಾ, ಇವತ್ತು ಇಲ್ಲಿ ನಿಂತ್ಬುಟ್ಟಿದೀರಾ?” ಚಿಕ್ಕಹನುಮಯ್ಯ ಪೈಪು ಎಳೆಯುತ್ತ ಅವನ ಹಿಂದಿನಿಂದ ಬಂದು ಜೋರಾಗಿ ಕೇಳಿದ. “ನಿಮ್ ಬೆಂಚಲ್ಲಿ ಯಾರೋ ಕೂತ್ಕಂಡವ್ರೆ ಅಂತಲಾ? ಇರಿ, ಆ ಕಡೀಕ್ ಕೂತ್ಕಳವ್ವ ಅಂತೀನಿ.”

ಹೊಂಬಾಳಮ್ಮ ಕಣ್ಣು ಬಿಟ್ಟು ತಿರುಗಿದಳು. ಮರದ ಒಂದು ಪಕ್ಕದಲ್ಲಿ ಊಟದ ಚೀಲವೂ ಇನ್ನೊಂದು ಪಕ್ಕದಲ್ಲಿ ಅವನ ಮೊಣಕೈಯೂ ಕಾಣುತ್ತಿದ್ದವು. ಅವನು ಹೊರಗೆ ಬಂದ. ನಡೆಯಬೇಕಾದದ್ದು ಹನ್ನೆರಡು ಹೆಜ್ಜೆ. ಶಾಲೆಯಲ್ಲಿ ಹೆಸರು ಕರೆದು ಮುಂದೆ ನಿಲ್ಲಿಸಿದ ದಿನಗಳಲ್ಲೂ ಅಷ್ಟು ದೂರ ನಡೆದಂತೆ ಅವನಿಗೆ ಅನ್ನಿಸಿರಲಿಲ್ಲ. ಅವಳು ಏಳಲಿಲ್ಲ. ಸೆರಗು ಸರಿಮಾಡಿಕೊಂಡು, ಚೀಲದಿಂದ ಬೀಗದ ಕೈ ತೆಗೆದು ಚಾಚಿದಳು.

“ಮೊಳೇಲೇ ಬುಟ್ಬಂದಿದ್ರಿ.”

“ಅವ್ವ?”

“ಸಾಬಿರಕ್ಕನ್ನ ಕೂರ್ಸಿ ಬಂದಿವ್ನಿ.” ಸಾಬಿರಾ ಪಕ್ಕದ ಮನೆಯವಳು. “ಬೀಗದ ಕೈ ಇಲ್ದಿದ್ರೆ ಏನ್ ಮಾಡ್ತಾರೆ, ಸಾಹೇಬ್ರ ತಾವ ಬೈಸ್ಕೊತಾರೆ ಅಂತ ಓಡ್ಬಂದೆ. ಆಫೀಸು ಬೀಗ ಹಾಕಿತ್ತು. ಕಸ ಗುಡಿಸೋಳು, ಹತ್ತು ಗಂಟೆಗ್ ಮುಂಚೆ ಯಾರೂ ಬರಲ್ಲ ಕಣವ್ವ, ಪಾರ್ಕಲ್ಲಿ ಕೂತ್ಕಂಡಿರು ಅಂದ್ಲು.”

ಅವನು ಬೆಂಚಿನ ಇನ್ನೊಂದು ತುದಿಯಲ್ಲಿ ಕೂತ. ಬೀಗದ ಕೈ ಅವಳ ಅಂಗೈಯ ಶಾಖಕ್ಕೆ ಬೆಚ್ಚಗಿತ್ತು. ಸಾಹೇಬರ ಆರ್ಡರು, ವರ್ಗ, ಆ ಸಂಜೆ, ಬಚ್ಚಲಿನ ನೀರು, ಹೂಂ ಎಲ್ಲವನ್ನೂ ಎಲ್ಲಿಂದ ಶುರುಮಾಡುವುದೆಂದು ತಿಳಿಯದೆ, “ನಾನು ದಿನಾ ಇಲ್ಲೇ ಕೂತಿರ್ತೀನಿ” ಅಂದ.

“ಗೊತ್ತು.”

“ಏನ್ ಗೊತ್ತು?”

“ಇಲ್ಲೇ ಅಂತ ಗೊತ್ತಿರ್ನಿಲ್ಲ. ಆಫೀಸಲ್ಲಿ ಇರಲ್ಲ ಅಂತ ಗೊತ್ತಿತ್ತು. ನಿಮ್ ಪ್ಯಾಂಟು ಒಗೆಯೋಳು ನಾನಲ್ವಾ? ಕಾಲತ್ರ ದಿನಾ ಹುಲ್ಲಿನ ಮುಳ್ಳು. ಒಂದೊಂದೇ ಕೀಳ್ತಾ, ಯಾವ ಆಫೀಸಲ್ಲಪ್ಪ ಹುಲ್ಲು ಬೆಳೀತದೆ ಅಂತ.” ಅವಳು ತನ್ನ ಸೀರೆಯ ಅಂಚನ್ನು ಎತ್ತಿ ತೋರಿಸಿದಳು. ಅಲ್ಲೂ ಆಗಲೇ ನಾಲ್ಕು ಮುಳ್ಳು ಕಚ್ಚಿಕೊಂಡಿದ್ದವು. “ಮೊದ್ಲು ಬೇರೆ ಏನೋ ಅಂದ್ಕಂಡಿದ್ದೆ.”

“ಬೇರೆ ಏನು?”

“ಬೇರೆ ಅಂದ್ರೆ ಬೇರೆ. ಹತ್ತು ದಿವ್ಸ ಒಗೆಯೋ ಕಲ್ಲಿನ್ ತಾವ ಕೂತು ಅತ್ತಿದೀನಿ. ಆಮೇಲೆ ಷರ್ಟಿನ್ ಜೇಬಲ್ಲಿ ಕಡ್ಲೆಕಾಯಿ ಸಿಪ್ಪೆ ಸಿಕ್ತು. ದಿನಾ ಸಿಗೋದು. ಅಂಥಾ ಮನೇಗೆ ಹೋಗೋರು ಜೇಬಲ್ಲಿ ಸಿಪ್ಪೆ ತುಂಬ್ಕಂಡ್ ಬರಲ್ಲ, ಎಲ್ಲೋ ಒಬ್ರೇ ಕೂತ್ಕತಾವ್ರೆ ಅಂತ ಸಮಾಧಾನ ಮಾಡ್ಕಂಡೆ.”

ಅವನಿಗೆ ನಗುವೂ ಬಂತು, ಕಣ್ಣೂ ಉರಿಯಿತು. ಅವಳು ಅತ್ತ ಆ ಹತ್ತು ದಿನ ಯಾವುವು, ಆ ಸಂಜೆಗಳಲ್ಲಿ ತಾನು ಮನೆಗೆ ಹೋಗಿ ಏನು ಮಾತಾಡಿದೆ, ಸಾರಿಗೆ ಉಪ್ಪು ಕಡಿಮೆ ಅಂದೆನೋ ಏನೋ, ಒಂದೂ ನೆನಪಾಗಲಿಲ್ಲ. “ಕೇಳಬೋದಾಗಿತ್ತು ನೀನು” ಅಂದ. ತಪ್ಪನ್ನು ಅವಳ ಕಡೆಗೆ ಸರಿಸುವ ಹಾಗೆ ಅದು ಕೇಳಿಸಿ, ಅಂದ ಕೂಡಲೇ ನಾಲಿಗೆ ಕಚ್ಚಿಕೊಂಡ.

“ಕೇಳಿದ್ರೆ ಮನೇಲೇ ಇರೋರು. ಮುಖ ಗಂಟಿಕ್ಕಂಡು, ಅತ್ತೆ ಮಂಚದ ಕಡೆ ನೋಡ್ದಂಗೆ, ಆ ರೂಮಿಂದ ಈ ರೂಮಿಗೆ ಓಡಾಡ್ಕಂಡು. ಅದ್ಕಿಂತ ಇದೇ ವಾಸಿ ಅನ್ನುಸ್ತು. ಸಂಜೆಗಾದ್ರೂ ನಗ್ತಾ ಬರೋರು.” ಅವಳ ದನಿಯಲ್ಲಿ ದೂರು ಇರಲಿಲ್ಲ. ಇಬ್ಬರೂ ಚಿಕ್ಕಹನುಮಯ್ಯ ದಾಸವಾಳದ ಗಿಡಕ್ಕೆ ನೀರು ಬಿಡುವುದನ್ನು ನೋಡಿದರು. ನೀರು ಬಿಸಿಲಿನಲ್ಲಿ ಚದುರಿ ಬೀಳುತ್ತಿತ್ತು.

“ಇಲ್ಲಿ ಚೆಂದಾಗೈತೆ” ಅಂದಳು ಹೊಂಬಾಳಮ್ಮ. “ಯಾರೂ ಕರೆಯಲ್ಲ.”

ಬಿಳಿ ಬೂಟಿನ ಹೆಡ್‌ಮಾಸ್ಟರು ಸುತ್ತು ಹೊಡೆಯುತ್ತ ಬಂದವರು ಇಬ್ಬರನ್ನೂ ನೋಡಿ, ಕೊನೆಗೂ ಮನೆಯಲ್ಲಿ ಹೇಳಿದಿರಲ್ಲ ಎಂಬಂತೆ ಸಂತೋಷದಿಂದ ತಲೆದೂಗಿ ಹೋದರು. ಯಾರವರು ಎಂದು ಅವಳು ಕೇಳಿದಳು. ನನಗೆ ಕೆಲಸ ಹೋಗಿದೆ ಅಂದುಕೊಂಡಿದ್ದಾರೆ ಎಂದು ಅವನು ಹೇಳಿದ. ಹೊಂಬಾಳಮ್ಮ ಸೆರಗು ಬಾಯಿಗೊತ್ತಿಕೊಂಡು ನಗತೊಡಗಿದಳು. ನಗು ನಿಲ್ಲದೆ ಕಣ್ಣಲ್ಲಿ ನೀರು ಬಂದು, ಆ ನೀರು ನಗು ನಿಂತ ಮೇಲೂ ಸ್ವಲ್ಪ ಹೊತ್ತು ಬರುತ್ತಲೇ ಇತ್ತು. ಬೆಂಚಿನ ಮೇಲೆ ಅವಳ ಕೈ ಇತ್ತು, ಬೂದಿ ತಿಕ್ಕಿ ತಿಕ್ಕಿ ಬಿರುಸಾದ ಬೆರಳುಗಳು. ಅದರ ಮೇಲೆ ಕೈಯಿಡಬೇಕು ಅನ್ನಿಸಿತು. ಹಾಡುಹಗಲು, ಪಾರ್ಕು, ಮಾಲಿ ನೋಡುತ್ತಿದ್ದಾನೆ. ಅವನು ಉಳಿದಿದ್ದ ಕಡ್ಲೆಕಾಯಿಯ ಪೊಟ್ಟಣವನ್ನು ಆ ಕೈಯ ಪಕ್ಕಕ್ಕೆ ಸರಿಸಿದ.

ಒಂಬತ್ತೂ ಮುಕ್ಕಾಲಿಗೆ ಅವಳೇ, “ನೀವು ಹೊರಡಿ, ನಾನು ಒಸಿ ಕೂತಿದ್ದು ಬಸ್ಸಿಗೆ ಹೋಯ್ತೀನಿ” ಅಂದಳು. ಅವನು ಹೋದ. ಬೀರು ತೆಗೆದ, ಹದಿನೇಳು ಕಡತ ಸಾಹೇಬರ ಮುಂದಿಟ್ಟ, ಹೊಲಗಳ ಸರ್ವೆ ನಂಬರುಗಳನ್ನು ಓದಿ ಹೇಳಿದ. ನಡುವೆ ಸಾಹೇಬರು, ಏನ್ರೀ ಎಲ್ಲಿದೆ ನಿಮ್ಮ ಗಮನ ಎಂದು ಎಲ್ಲರೆದುರು ಗದರಿದರೂ ಅದು ಅವನಿಗೆ ತಾಗಲಿಲ್ಲ. ಹನ್ನೊಂದೂವರೆಗೆ ಚಹದ ನೆಪದಲ್ಲಿ ಪಾರ್ಕಿಗೆ ಬಂದ. ಬೆಂಚು ಖಾಲಿಯಾಗಿತ್ತು. ಚಿಕ್ಕಹನುಮಯ್ಯ ಒಣಗಿದ ಎಲೆ ಗುಡ್ಡೆಮಾಡುತ್ತಿದ್ದವನು, “ಅಮ್ಮಾವ್ರು ಈಗಷ್ಟೇ ಹೋದ್ರು. ನಿಮ್ ಮನೇವ್ರು ಅಂತ ಗೊತ್ತಾಗ್ನಿಲ್ಲ ಸಾ, ತಪ್ಪು ತಿಳ್ಕಬ್ಯಾಡಿ” ಅಂದ. “ಕೂತಲ್ಲೇ ನಿದ್ದೆ ಹೋಗ್ಬುಟ್ಟಿದ್ರು. ಎಚ್ರ ಆದೀತು ಅಂತ ನಾನು ಕಸ ಗುಡಿಸೋದ್ನೂ ನಿಲ್ಸಿದ್ದೆ.” ಯೋಗಾನಂದನಿಗೆ ಆ ಮಾಲಿಯ ಮೇಲೆ ಇದ್ದಕ್ಕಿದ್ದ ಹಾಗೆ ಒಂದು ಬಗೆಯ ಹೊಟ್ಟೆಕಿಚ್ಚಾಯಿತು. ಹೊಂಬಾಳಮ್ಮನ ನಿದ್ದೆಯನ್ನು ಕಾಯ್ದವನು ಅವನು.

ಬುಧವಾರ ಸಂಜೆ ಅವಳು ಹಿತ್ತಿಲಲ್ಲಿ ಬಟ್ಟೆ ಮಡಚುತ್ತಿದ್ದಾಗ ಹೋಗಿ ನಿಂತು, “ನಾಳೆ ಏಳೂ ಐವತ್ತಕ್ಕೆ ನೀನು ಹೋಗು” ಅಂದ.

“ಎಲ್ಲಿಗೆ?”

“ಅಲ್ಲಿಗೇ.”

ಅವಳು ಮಡಚುತ್ತಿದ್ದ ಲುಂಗಿಯನ್ನು ಗಲ್ಲಕ್ಕೆ ಒತ್ತಿ ಹಿಡಿದು ಅವನನ್ನು ನೋಡಿದಳು. “ಅತ್ತೆ?”

“ನಾನಿರ್ತೀನಿ. ಒಂಬತ್ತೂಕಾಲಿನ ಬಸ್ಸಿಗೆ ಹೋದ್ರೆ ಸಾಕು. ಆಮೇಲೆ ನೀನು ಬರೋಗಂಟ ಸಾಬಿರಕ್ಕ ಕೂತಿರ್ತಾರಂತೆ. ಕೇಳಿದೀನಿ.”

“ಅವರ ಮಾತು ನಿಮಗೆ ತಿಳಿಯಲ್ಲ” ಅಂದಳು. ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದಳು. ಲುಂಗಿಯನ್ನು ಪೂರ್ತಿ ಮಡಚಿಟ್ಟ ಮೇಲೆ ಅವಳು, “ಸ್ನಾನ ಬ್ಯಾಡ. ಮಗನ ಕೈಲಿ ನೀರು ಹುಯ್ಸ್ಕಳಕ್ಕೆ ಅವರೂ ಒಪ್ಪಕ್ಕಿಲ್ಲ. ಮುಖ, ಕೈಕಾಲು ತೊಳೆದು, ಗಂಜಿ ಕುಡಿಸಿ. ಎಡಗಡೆಯಿಂದ ಕುಡಿಸ್ಬೇಕು, ಮರೀಬ್ಯಾಡಿ” ಅಂದಳು. ಬೆಳಿಗ್ಗೆ ಮತ್ತೆ ಅದನ್ನೇ ಎರಡು ಸಲ ಹೇಳಿ, ಮದುವೆ ಮನೆಗಳಿಗೆ ಉಡುವ ಕಾಫಿ ಬಣ್ಣದ ಸೀರೆ ಉಟ್ಟುಕೊಂಡು, ಉಟ್ಟದ್ದಕ್ಕೆ ತಾನೇ ನಾಚಿಕೊಂಡು, ಬೀದಿಯ ತಿರುವಿನವರೆಗೆ ಹಿಂದಿರುಗಿ ನೋಡುತ್ತ ಹೋದಳು.

ಮನೆ ಸದ್ದಿಲ್ಲದಂತಾಯಿತು. ದೊಡ್ಡಲಕ್ಷ್ಮಮ್ಮ ಮಂಚದ ಮೇಲಿಂದ ಬಾಗಿಲ ಕಡೆಗೂ ಮಗನ ಕಡೆಗೂ ನೋಡಿದಳು. ಆ ರೂಮಿನಿಂದ ಈ ರೂಮಿಗೆ ಓಡಾಡಿ ಹೊತ್ತು ಕಳೆದ ಅವನು, ಒಂಬತ್ತಾಗುತ್ತ ಬಂದಾಗ ಹೋಗಿ ಅವಳ ಎರಡು ಕಂಕುಳಿಗೂ ಕೈಕೊಟ್ಟು ಎತ್ತಿದ. ಇಷ್ಟೇ ಭಾರವೇ ಎಂದು ಗಾಬರಿಯಾಯಿತು. ಇವಳನ್ನು ದಾಟುವುದಕ್ಕೆ ತಾನು ದಿನವೂ ಎಷ್ಟು ಭಾರ ಹೊತ್ತವನ ಹಾಗೆ ನಡೆಯುತ್ತಿದ್ದೆ. ಆತುಕೊಂಡು ಬಚ್ಚಲಿಗೆ ಕರೆತಂದು, ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ಹಂಡೆಯಿಂದ ನೀರು ತೋಡಿ ಬಕೆಟ್ಟಿಗೆ ಹಾಕಿದ. ಪಂಚೆ ಎತ್ತಿಕಟ್ಟಿ ಅವಳ ಕಾಲ ಬಳಿ ಕುಕ್ಕರಗಾಲಿನಲ್ಲಿ ಕೂತ. ಪಾದ ಊದಿತ್ತು, ಉಗುರುಗಳನ್ನು ಯಾರೋ ಅಕ್ಕರೆಯಿಂದ ಕತ್ತರಿಸಿದ್ದರು. ಒಂದು ಚೊಂಬು ನೀರು ಹುಯ್ದ. ಅವಳು ಸದ್ದು ಮಾಡಿದಳು. ಅವನು ಅಭ್ಯಾಸದಿಂದ ಅಡುಗೆಮನೆಯ ಕಡೆ ತಿರುಗಿ, ಏನಂತೆ ಎಂದು ಕೇಳಲು ಬಾಯಿ ತೆರೆದು, ಅಲ್ಲಿ ಯಾರೂ ಇಲ್ಲವೆಂಬುದು ನೆನಪಾಗಿ ಮತ್ತೆ ಬಕೆಟ್ಟಿನ ಕಡೆ ತಿರುಗಿದ. ಇನ್ನೊಂದು ಚೊಂಬು ಎತ್ತಿದಾಗ ಎಡಗೈ ಬಂದು ಅವನ ಮಣಿಕಟ್ಟನ್ನು ಹಿಡಿದುಕೊಂಡಿತು. ಮತ್ತೆ ಅದೇ ಸದ್ದು. ಅವನು ತಲೆಯೆತ್ತಿದ. ತಲೆದಿಂಬು ಇರಲಿಲ್ಲ, ಗಡಿಯಾರ ಇರಲಿಲ್ಲ, ಎದುರಿಗೆ ತಾಯಿಯ ಮುಖವೇ ಇತ್ತು. ಎಳೆದುಕೊಂಡ ಬಾಯಿ, ಅದರ ತುದಿಯಲ್ಲಿ ಜೊಲ್ಲು, ಮತ್ತು ಆ ಬಾಯಿಯ ಮೇಲೆ, ಸ್ವಲ್ಪವೂ ಬದಲಾಗದೆ, ಕೇರಿಯನ್ನೆಲ್ಲ ನಗಿಸುತ್ತಿದ್ದ, ಅವನ ಪೆದ್ದುತನಕ್ಕೆ ತಾಳ್ಮೆ ಕಳೆದುಕೊಳ್ಳುತ್ತಿದ್ದ ಅದೇ ಎರಡು ಕಣ್ಣು. ತುಟಿ ಕೂಡಿಕೊಂಡು ಬಿಟ್ಟುಕೊಂಡವು. ಬ. ಆಮೇಲೆ ಒಂದು ಇ.

“ಬಿಸಿನಾ?” ಅಂದ.

ಅವಳು ಕಣ್ಣನ್ನು ನಿಧಾನವಾಗಿ ಮುಚ್ಚಿ ತೆರೆದಳು. ಅವನು ಬಕೆಟ್ಟಿಗೆ ಕೈಯದ್ದಿ ನೋಡಿದ. ನಿಜವಾಗಿಯೂ ಬಹಳ ಬಿಸಿಯಿತ್ತು, ಅವಳ ಪಾದ ಕೆಂಪಗಾಗಿತ್ತು. ಎರಡು ಚೊಂಬು ತಣ್ಣೀರು ಬೆರೆಸಿ, ಕೈಯಾಡಿಸಿ, ಇನ್ನೊಂದು ಬೆರೆಸಿ, ಅಂಗೈಯಲ್ಲಿ ಸ್ವಲ್ಪ ತೆಗೆದು ಅವಳ ಮೊಣಕಾಲಿಗೆ ಮುಟ್ಟಿಸಿದ. ಅವಳು ಕೈಬೀಸಿದಳು, ಹುಯ್ಯಿ ಅನ್ನುವ ಹಾಗೆ. ಅವನು ಹುಯ್ದ. ಬೆರಳ ಸಂದುಗಳನ್ನು ತಿಕ್ಕಿ ತೊಳೆದ. ಆಗ ಅವಳು ಇನ್ನೊಂದು ಮಾತು ಆಡಿದಳು, ಉದ್ದನೆಯ ಮಾತು, ನಡುವೆ ಉಸಿರು ತೆಗೆದುಕೊಂಡು, ಕೊನೆಯಲ್ಲಿ ತಾನೇ ಒಂದಿಷ್ಟು ನಕ್ಕು. ಅದರಲ್ಲಿ ಅವನಿಗೆ ಒಂದಕ್ಷರವೂ ತಿಳಿಯಲಿಲ್ಲ. ಹೊರಗೆ ಒಂಬತ್ತೂಕಾಲಿನ ಬಸ್ಸು ಹೋದ ಸದ್ದಾಯಿತು. ಅವನು ಚೊಂಬನ್ನು ಕೆಳಗಿಟ್ಟು, ಒದ್ದೆ ನೆಲದ ಮೇಲೆ ಪೂರ್ತಿ ಕೂತು, “ಇನ್ನೊಂದ್ ಸಲ ಹೇಳವ್ವ” ಅಂದ.

ಅವಳು ಹೇಳಿದಳು. ಈ ಸಲ ಅರ್ಧ ತಿಳಿಯಿತು.